ಕಲ್ಲೆಂದು ಹೇಳಿದ ಚಿಪ್ಪು

ಚಿಪ್ಪನ್ನು ಸಾಣೆಗೆ ಹಿಡಿದರೆ ಕೂದಲು ಸುಟ್ಟ ವಾಸನೆ ಬರುತ್ತದೆ. ಅಥಣಿಯ ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾನು ಮೊದಲ ಸಲ ಹಾಗೆ ಹಿಡಿದ ದಿನ ಅಣ್ಣನ ಹೆಂಡತಿ, ಅಂದರೆ ನಮ್ಮ ವೈನಿ, ಸೆರಗನ್ನು ಮೂಗಿಗೆ ಒತ್ತಿಕೊಂಡು ಅಡುಗೆಮನೆಯಿಂದ ಎದ್ದು ಬಂದರು. ಬಂಗಾರದ ಕೆಲಸ ಮಾಡುವ ಪತ್ತಾರರ ಮನೆಯಲ್ಲಿ ಇದೆಂಥ ಸುಡುಗಾಡಿನ ವಾಸನೆ ಎಂದು ಬೈದರು. ಅಂದಿನಿಂದ ಚಿಪ್ಪಿನ ಕೆಲಸ ಮಾಡಿದ ದಿನ ನನಗೆ ಸ್ನಾನವಾಗದೆ ಊಟವಿಲ್ಲ ಎಂದಾಯಿತು. ಅಣ್ಣ ಮಾತ್ರ ಬಾಗಿಲಲ್ಲಿ ನಿಂತು ನಕ್ಕ.

ಅಣ್ಣ ಎಂದರೆ ನನ್ನ ಒಡಹುಟ್ಟಿದವನಲ್ಲ, ನನಗೆ ಕೆಲಸ ಕಲಿಸಿದ ಗುರುಗಳ ಮಗ. ಒಂದೇ ಕುಲುಮೆಯ ಮುಂದೆ ಬೆಳೆದವರು ನಾವು. ಗುರುಗಳು ತೀರಿಕೊಂಡ ಮೇಲೆ ಅಂಗಡಿ ಅವನದಾಯಿತು, ಹಿಂದಿನ ಕೋಣೆ ನನ್ನದಾಯಿತು. ಪದಕ, ಗುಂಡು, ಬೋರಮಾಳ ಸರದ ಮಣಿಗಳಿಗೆ ಉಕ್ಕಿನ ಅಚ್ಚು ಕೊರೆಯುವುದು ನನ್ನ ಕೆಲಸ. ಗಿರಾಕಿಯ ಜೊತೆ ಮಾತು ಅವನದು, ಉಳಿಯ ಜೊತೆ ಮಾತು ನನ್ನದು ಎಂದು ಅವನೇ ಹಂಚಿಕೆ ಮಾಡಿದ್ದ. ಮಾತು ಬಾರದ ನನಗೆ ಅದು ಅನುಕೂಲವೇ ಆಗಿತ್ತು. ನಮ್ಮ ಕಸುಬು ನಡೆಯುವುದು ಬಾಯಿಮಾತಿನ ಮೇಲೆ, ಆ ಬಾಯಿ ಯಾರದು ಎಂಬುದನ್ನು ನಾನು ಯೋಚಿಸಿರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮಿರಜ ಕಡೆಯ ಹಳೆಯ ವಾಡೆಯೊಂದರಿಂದ ಪಿನ್ನು ಮುರಿದ ಆಭರಣವೊಂದು ರಿಪೇರಿಗೆ ಬಂತು. ಕಂದು ನೆಲದ ಮೇಲೆ ಬೆಳ್ಳಗೆ ಎದ್ದು ನಿಂತ ಹೆಣ್ಣಿನ ಮುಖ, ಸುತ್ತ ಬಂಗಾರದ ಕಟ್ಟು. ವಿಲಾಯಿತಿ ಕಲ್ಲು ಇರಬೇಕು ಎಂದ ಅಣ್ಣ. ಪಿನ್ನು ಕೂಡಿಸಲು ತಿರುವಿ ಹಿಡಿದಾಗ ಹಿಂಬದಿ ಒಳಕ್ಕೆ ತಗ್ಗಾಗಿತ್ತು. ಕಿಟಕಿಗೆ ಹಿಡಿದರೆ ಬೆಳಕು ದಾಟಿತು. ಕಲ್ಲು ಹೀಗೆ ತನ್ನಷ್ಟಕ್ಕೆ ಬಾಗಿ ಬೆಳೆಯುವುದಿಲ್ಲ. ಅದು ಸಮುದ್ರದ ಚಿಪ್ಪು ಎಂದು ನನಗೆ ಖಾತ್ರಿಯಾಯಿತು. ಪಿನ್ನಿನ ಕೆಲಸ ಬೆಳಗಿನೊಳಗೆ ಮುಗಿಯುವಂಥದ್ದು, ನಾನು ಬೇಕೆಂದೇ ಸಂಜೆಯವರೆಗೆ ಎಳೆದೆ. ಆ ಹೆಣ್ಣಿನ ಕಿವಿಯ ಹಿಂದಿನ ಒಂದು ಎಳೆ ಕೂದಲನ್ನು ಯಾರೋ ಪುಣ್ಯಾತ್ಮ ಎಷ್ಟು ತಾಳ್ಮೆಯಿಂದ ಬಿಡಿಸಿದ್ದನೆಂದರೆ, ನನಗೆ ಹೊಟ್ಟೆಕಿಚ್ಚಾಯಿತು. ಅದನ್ನು ಅಣ್ಣನ ಮುಂದೆ ಹೇಳಿಯೂ ಬಿಟ್ಟೆ.

ಅವನು ಮರೆಯಲಿಲ್ಲ. ಮನೆಮಂದಿಯನ್ನು ರಾಮೇಶ್ವರ ಯಾತ್ರೆಗೆ ಕರೆದುಕೊಂಡು ಹೋದವನು ಬರುವಾಗ ಗೋಣಿಚೀಲದಲ್ಲಿ ದಪ್ಪ ದಪ್ಪ ಚಿಪ್ಪುಗಳನ್ನು ಹೊತ್ತು ತಂದ. ಒಂದೊಂದೂ ತೆಂಗಿನಕಾಯಿಗಿಂತ ದೊಡ್ಡದು, ಬಾಯಿ ಕೆಂಪಗೆ, ಬೆನ್ನು ಗಂಟುಗಂಟು. ನನ್ನ ಮುಂದೆ ಸುರಿದು, ಇಗೋ ನಿನ್ನ ಹೊಟ್ಟೆಕಿಚ್ಚಿಗೆ ಔಷಧ ಎಂದ. ನಾನು ಅವನನ್ನು ಪ್ರೀತಿಸುತ್ತಿದ್ದುದು ಇಂಥದ್ದಕ್ಕೇ.

ಹೇಳಿಕೊಡುವವರು ಯಾರೂ ಇರಲಿಲ್ಲ. ಚಿಪ್ಪಿನ ಮೇಲೆ ಮಂಕು ಸಿಪ್ಪೆ, ಅದರ ಕೆಳಗೆ ಬಿಳಿ ಪದರ, ಅದರ ಕೆಳಗೆ ಕಂದು. ಸಿಪ್ಪೆ ತೆಗೆದು, ಬಿಳಿಯಲ್ಲಿ ಮುಖ ಉಳಿಸಿ, ಸುತ್ತಲಿನ ಬಿಳಿಯನ್ನೆಲ್ಲ ಕಂದು ಕಾಣುವ ತನಕ ಕೆರೆದು ಹಾಕಬೇಕು. ಹೇಳಲು ಇಷ್ಟೇ. ಆದರೆ ಅಚ್ಚು ಕೊರೆದ ಕೈಗೆ ಇದು ಪೂರಾ ಉಲ್ಟಾ. ಅಚ್ಚಿನಲ್ಲಿ ಮೂಗು ಎಂದರೆ ಎಲ್ಲಕ್ಕಿಂತ ಆಳದ ಗುಂಡಿ, ಚಿಪ್ಪಿನಲ್ಲಿ ಮೂಗನ್ನು ಮುಟ್ಟದೆ ಬಿಟ್ಟು ಉಳಿದದ್ದನ್ನು ತೆಗೆಯಬೇಕು. ಅಭ್ಯಾಸಬಲದಿಂದ ನನ್ನ ಉಳಿ ಮೊದಲು ಮೂಗಿಗೇ ಹೋಗುತ್ತಿತ್ತು.

ಮೊದಲ ಚಿಪ್ಪು ಅರಗಿನಲ್ಲಿ ಹಾಳಾಯಿತು. ಕೊರೆಯುವ ವಸ್ತುವನ್ನು ಕಟ್ಟಿಗೆಯ ಹಿಡಿಕೆಯ ಮೇಲೆ ಬಿಸಿ ಅರಗಿನಲ್ಲಿ ಕೂಡಿಸುವುದು ನಮ್ಮ ರೂಢಿ. ಬಂಗಾರಕ್ಕೆ ಬಿಸಿ ಏನೂ ಮಾಡದು. ಚಿಪ್ಪು ಟಪ್ಪೆಂದು ಸೀಳಿತು. ಬೆರಳ ಗುರುತಷ್ಟೇ ಮೂಡುವ ಹಾಗೆ ಅರಗು ಆರುವ ತನಕ ಕಾಯಬೇಕೆಂದು ಆಮೇಲೆ ತಿಳಿಯಿತು. ನಂತರದ ತುಂಡುಗಳಲ್ಲಿ ಕೆನ್ನೆ ಕೆರೆಯುತ್ತ ಕಂದು ಪದರಕ್ಕೇ ಇಳಿದುಬಿಟ್ಟೆ, ಹೆಣ್ಣುಮಗಳಿಗೆ ಸುಟ್ಟ ಕಲೆ ಬಿದ್ದ ಹಾಗೆ ಕಂಡಿತು. ಆಗಾಗ ಬೆಳಕಿಗೆ ಹಿಡಿದು, ಬಿಳಿ ಇನ್ನೆಷ್ಟು ದಪ್ಪ ಉಳಿದಿದೆ ಎಂದು ನೋಡುವುದನ್ನು ಕಲಿತೆ. ಕೊನೆಗೆ ಒಂದು ಹೂವು ಚೆನ್ನಾಗಿ ಬಂತು. ಓಣಿಯ ಚಪ್ಪಲಿ ಹೊಲಿಯುವವರ ಹತ್ತಿರ ಮೆತ್ತನೆ ತೊಗಲಿನ ಚೂರು ಇಸಕೊಂಡು, ಎಣ್ಣೆ ಹಚ್ಚಿ ಉಜ್ಜಿ ಹೊಳಪು ಕೊಟ್ಟೆ. ಆಮೇಲೆ, ಯಾವ ಪತ್ತಾರನಾದರೂ ನಿದ್ದೆಗಣ್ಣಿನಲ್ಲೂ ಮಾಡುವ ಕೊನೆಯ ಕೆಲಸ ಮಾಡಿದೆ: ಹುಣಸೆಹುಳಿ ಕುದಿಸಿದ ನೀರಿಗೆ ಹಾಕಿದೆ. ಬಂಗಾರವಾಗಲಿ, ಕಲ್ಲು ಕೂಡಿಸಿದ ಒಡವೆಯಾಗಲಿ, ಹುಳಿನೀರು ಕಂಡೇ ಅಂಗಡಿಯ ಹೊಸಿಲು ದಾಟಬೇಕು. ಹೂವಿನ ಮೈತುಂಬ ನೊರೆ ಎದ್ದಿತು. ತೆಗೆದು ನೋಡುವಾಗ ಎಸಳುಗಳೆಲ್ಲ ಸವೆದು ಸುಣ್ಣದ ಉಂಡೆಯಾಗಿತ್ತು.

ಅದನ್ನು ಒಯ್ದು ಅಣ್ಣನ ಅಂಗೈಯಲ್ಲಿಟ್ಟು ಹೇಳಿದೆ, ಈ ವಸ್ತು ಯಾರ ಕೈಗೆ ಹೋದರೂ ಹುಳಿ ತಾಗಿಸಬಾರದೆಂದು ಹೇಳಿಯೇ ಕೊಡಬೇಕು ಎಂದು. ಆಗಲಿ ಎಂದು ತಲೆಯಾಡಿಸಿದ.

ಮತ್ತೊಂದು ಹೂವು ಮಾಡಿಕೊಟ್ಟೆ. ಅದನ್ನು ಅಣ್ಣ ಗಾಜಿನ ಪೆಟ್ಟಿಗೆಯಲ್ಲಿಟ್ಟ. ನಿಪ್ಪಾಣಿಯ ತಂಬಾಕಿನ ವ್ಯಾಪಾರಿ ಮನೆತನದ ಒಬ್ಬ ಹೆಣ್ಣುಮಗಳು, ನಡುವಯಸ್ಸು ದಾಟಿದವರು, ಬೀಗರ ಮದುವೆಗೆಂದು ಅಥಣಿಗೆ ಬಂದವರು ಅದನ್ನು ನೋಡಿದರು. ಜೈನರು. ಅವರ ತಾಯಿಯ ಮದುವೆಯ ಒಡವೆಗಳನ್ನು ಮಾಡಿದ್ದು ನಮ್ಮ ಗುರುಗಳು. ತಾಯಿ ತೀರಿಕೊಂಡು ಹೆಚ್ಚು ಕಾಲವಾಗಿರಲಿಲ್ಲ. ಹೂವಿನ ಬದಲು ನಮ್ಮ ಅವ್ವನ ಮುಖ ಹೀಗೆ ಬಿಡಿಸಲು ಆಗುತ್ತದೆಯೇ ಎಂದು ಕೇಳಿದರಂತೆ. ನಾನು ಹಿಂದಿನ ಕೋಣೆಯಲ್ಲಿದ್ದೆ. ಅಣ್ಣ ಒಳಗೆ ಬಂದು ಸುದ್ದಿ ಹೇಳಿದಾಗ ಕೈಯಲ್ಲಿದ್ದ ಉಳಿ ಕೆಳಗಿಟ್ಟೆ. ಮನುಷ್ಯರ ಮುಖ, ಅದೂ ಬದುಕಿ ಹೋದ ಒಬ್ಬರದು. ಇಷ್ಟಾದರೂ ನಾನು ಮೊದಲು ಆಡಿದ ಮಾತು ನನಗೆ ನೆನಪಿದೆ.

"ಅಣ್ಣಾ, ಅವರು ಜೈನರು. ಇದು ಚಿಪ್ಪು, ಜೀವ ಇದ್ದ ವಸ್ತು ಅಂತ ಮೊದಲ ಹೇಳು. ಒಪ್ಪಿದರ ಮಾಡೂಣು, ಇಲ್ಲಂದ್ರ ಬ್ಯಾಡ."

ಮುಂದಿನ ವಾರ ಅವನೇ ನಿಪ್ಪಾಣಿಗೆ ಹೋಗಿ ಬಂದ. ಬಂದವನು ಕಾಲು ತೊಳೆಯುವ ಮೊದಲೇ ನನ್ನ ಕೋಣೆಗೆ ಬಂದು ಹೇಳಿದ.

"ಹೇಳೇನಿ. ಅವರು ಭಾಳ ವಿಚಾರ ಮಾಡಿದ್ರು. ತಾನ ಸತ್ತು ಸಮುದ್ರದ ದಂಡಿಗೆ ಬಿದ್ದಿದ್ದ ಚಿಪ್ಪಾದರ ನಡೀತೈತಿ ಅಂದ್ರು. ಅಂಥಾದ್ದ ಐತಿ ಅಂದೆ."

ನಾನು ನಂಬಿದೆ. ಸುಳ್ಳಿಗೆ ಇಷ್ಟೊಂದು ಕಸೂತಿ ಯಾರು ಹಾಕುತ್ತಾರೆ? ಅವರು ವಿಚಾರ ಮಾಡುತ್ತ ಕುಳಿತದ್ದು ಸಹ ನನ್ನ ಕಣ್ಣಿಗೆ ಕಟ್ಟಿತು.

ತಾಯಿಯ ಫೋಟೋ ಒಂದು ಬಂತು. ಯಾರದೋ ಮದುವೆಯ ಗುಂಪಿನಲ್ಲಿ, ಎಲ್ಲರೂ ಕ್ಯಾಮರಾ ನೋಡುತ್ತಿರುವಾಗ ಆಕೆ ಮಾತ್ರ ಪಕ್ಕದವಳ ಕಡೆ ತಿರುಗಿ ಏನೋ ಹೇಳುತ್ತಿದ್ದಾರೆ. ಫೋಟೋ ತೆಗೆದವನು ಹಲ್ಲು ಕಡಿದಿರಬೇಕು. ನನಗೆ ಅದು ವರವಾಯಿತು, ಈ ಕೆಲಸಕ್ಕೆ ಪಕ್ಕದಿಂದ ಕಂಡ ಮುಖವೇ ಬೇಕು. ಮೊದಲು ಮೇಣದಲ್ಲಿ ಮಾಡಿದೆ. ಅಣ್ಣ ಅದನ್ನು ನಿಪ್ಪಾಣಿಗೆ ಒಯ್ದು ಮಗಳಿಗೆ ತೋರಿಸಿ ಬಂದು, ಕೆಳತುಟಿ ಇನ್ನಷ್ಟು ಒಳಗೆ ಹೋಗಬೇಕಂತೆ, ಮುಂದಿನ ಹಲ್ಲು ಇರಲಿಲ್ಲವಂತೆ ಎಂದ. ಮೂಗಿನ ನಡುವೆ ಸಣ್ಣ ದಿಣ್ಣೆ ಇತ್ತಂತೆ ಎಂದ. ನಾನೇ ಒಮ್ಮೆ ಹೋಗಿ ಕೇಳಿ ಬರಲೇ ಎಂದರೆ, ನಿನಗೆ ಮಾತು ಎಲ್ಲಿ ಬರುತ್ತದೆ, ಕೂತು ಕೆಲಸ ನೋಡು ಎಂದು ತಳ್ಳಿಹಾಕುತ್ತಿದ್ದ.

ಒಳ್ಳೆಯ ಚಿಪ್ಪಿನ ಬೆನ್ನಿನಿಂದ ಮೊಟ್ಟೆಯಾಕಾರದ ಎರಡು ತುಂಡು ಸಿಕ್ಕಿದವು. ಒಂದನ್ನು ತೆಗೆದಿಟ್ಟು ಇನ್ನೊಂದಕ್ಕೆ ಕೈ ಹಚ್ಚಿದೆ. ತಲೆಯ ಮೇಲಿನ ಸೆರಗಿನ ಅಂಚನ್ನು ಬಿಳಿ ಅತಿ ತೆಳುವಾದ ಕಡೆ ಇಟ್ಟೆ, ಒಳಗಿನ ಕಂದು ಸ್ವಲ್ಪ ಹಣಕಿ ಸೀರೆಗೆ ನೆರಳು ಬರಲಿ ಎಂದು. ಕೆನ್ನೆಗೆ ದಪ್ಪ ಬಿಳಿ. ತುಟಿಯ ಹತ್ತಿರ ಉಳಿಯನ್ನು ನೂಕಲೇ ಇಲ್ಲ, ಬರೀ ಎಳೆದೆ. ನೀರು ಹಾಕುತ್ತ, ಹಸಿ ಬಟ್ಟೆ ಮೂಗಿಗೆ ಕಟ್ಟಿಕೊಂಡು, ಬೆಳಗಿನ ಬೆಳಕು ಕಿಟಕಿಯಲ್ಲಿ ಇರುವಷ್ಟು ಹೊತ್ತು ಮಾತ್ರ ಕೆಲಸ. ಆ ಚಳಿಗಾಲವಿಡೀ ನಾನು ಯಾವ ಅಚ್ಚನ್ನೂ ಮುಟ್ಟಲಿಲ್ಲ. ಅಣ್ಣ ಬೇರೆ ಗಿರಾಕಿಗಳನ್ನೆಲ್ಲ ತಡೆದು ಹಿಡಿದ, ಒಂದು ದಿನವೂ ಬೇಗ ಮಾಡು ಎನ್ನಲಿಲ್ಲ. ಮುಗಿದ ಮೇಲೆ ಬಂಗಾರದ ಕಟ್ಟು ಕೂಡಿಸಿ, ಒಣ ತೊಗಲಿನಿಂದಷ್ಟೇ ಒರೆಸಿ ಕೊಟ್ಟೆ. ಹುಳಿಯ ಮಾತನ್ನು ಮತ್ತೊಮ್ಮೆ ಹೇಳಿದೆ. ಎಷ್ಟು ಸಲ ಹೇಳುತ್ತೀ ಎಂದು ರೇಗಿದ.

ಮಳೆಗಾಲ ಮುಗಿದ ಮೇಲೆ ಒಂದು ದಿನ ನಿಪ್ಪಾಣಿಯವರ ತಂಬಾಕಿನ ವಖಾರಿಯ ಗುಮಾಸ್ತ ಬಂದು ಅಣ್ಣನ ಕೈಗೆ ಏನೋ ಕೊಟ್ಟು ಹೋದ. ಅಣ್ಣ ಅದನ್ನು ನನ್ನ ಮುಂದೆ ಇಟ್ಟ. ಆ ತಾಯಿಯ ಮುಖ. ಮೂಗಿನ ದಿಣ್ಣೆ ಇಲ್ಲ, ತುಟಿ ಗಲ್ಲದಲ್ಲಿ ಕರಗಿಹೋಗಿದೆ, ಮೈಯೆಲ್ಲ ಸುಣ್ಣ ಸುಣ್ಣ. ನೋಡಿದ ತಕ್ಷಣ ಗೊತ್ತಾಯಿತು, ಹುಳಿನೀರು. ಬಂಗಾರ ಮಂಕಾಯಿತೆಂದು ಊರಿನ ಪತ್ತಾರನ ಹತ್ತಿರ ಬೆಳಗಿಸಲು ಕೊಟ್ಟಿದ್ದರಂತೆ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ನೀನು ಅವರಿಗೆ ಹೇಳಿರಲಿಲ್ಲವೇ ಎಂದೆ. ಹೇಳಿದ್ದೆ, ಜನ ಕೇಳಬೇಕಲ್ಲ ಎಂದ. ಇನ್ನೊಂದು ತುಂಡು ಇದೆಯಲ್ಲ, ಮತ್ತೆ ಮಾಡಿಬಿಡು ಎಂದೂ ಸೇರಿಸಿದ.

ಕಾಣದ ಆ ಪತ್ತಾರನನ್ನೂ, ಕಿವಿಗೊಡದ ಆ ಮಗಳನ್ನೂ ಮನಸ್ಸಿನಲ್ಲೇ ಬೈಯುತ್ತ ಎರಡನೆಯದನ್ನು ಕೊರೆದೆ. ಕೈಗೆ ಮುಖ ಪಾಠವಾಗಿತ್ತು. ಹಳೆಯ ಬಂಗಾರದ ಕಟ್ಟನ್ನೇ ಅದಕ್ಕೆ ಕೂಡಿಸಿದೆ. ನಾನು ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ಅದು ಮೊದಲನೆಯದಕ್ಕಿಂತ ಚೆನ್ನಾಗಿ ಬಂತು. ನನ್ನ ಜೀವನದಲ್ಲಿ ಅಂಥದ್ದನ್ನು ಮತ್ತೆ ಮಾಡಿಲ್ಲ. ಇದನ್ನು ಮಾತ್ರ ನಾನೇ ಒಯ್ದು, ಹುಳಿಯ ವಿಷಯ ಕಿವಿಹಿಂಡಿ ಹೇಳಿ ಬರಬೇಕೆಂದು ನಿಶ್ಚಯಿಸಿದೆ. ಅಣ್ಣ ಬಿಸಿಲು ಅಂದ, ಬಸ್ಸು ಅಂದ, ನಾಳೆ ತಾನೇ ಹೋಗುತ್ತೇನೆ ಅಂದ. ಅವನು ಉಗಾರಕ್ಕೆ ಹೋದ ದಿನ ವೈನಿಗೆ ಹೇಳಿ ಹೊರಟುಬಿಟ್ಟೆ. ಅವರು ರೊಟ್ಟಿ ಕಟ್ಟಿಕೊಟ್ಟರು. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿದಾಗಲೂ ಜೇಬಿನ ಮೇಲಿಟ್ಟ ಕೈ ತೆಗೆಯಲಿಲ್ಲ.

ನಿಪ್ಪಾಣಿಯ ಮನೆಯಲ್ಲಿ ಆ ಹೆಣ್ಣುಮಗಳು ಬಟ್ಟೆಯಲ್ಲಿ ಸೋಸಿದ ನೀರು ತಂದುಕೊಟ್ಟರು. ನಾನು ಯಾರೆಂದು ತಿಳಿದಾಗ ಗುರುಗಳ ಹೆಸರು ಹೇಳಿ ಕೈ ಮುಗಿದರು. ಪೊಟ್ಟಣ ಬಿಚ್ಚಿ ಕೊಟ್ಟೆ. ಹೊಸಿಲ ಬೆಳಕಿಗೆ ಒಯ್ದು ನೋಡಿದರು. ಬೆರಳಿನಿಂದ ಆ ಕೆಳತುಟಿ ಮುಟ್ಟಿ, ಅವ್ವ ಬೈಯಲು ಬಾಯಿ ತೆರೆಯುವ ಮೊದಲು ಹೀಗೇ ಮಾಡುತ್ತಿದ್ದಳು ಎಂದು ನಕ್ಕರು. ಒಬ್ಬ ಕೆಲಸಗಾರನಿಗೆ ಇದಕ್ಕಿಂತ ಹೆಚ್ಚಿನದು ಏನು ಬೇಕು? ಆ ಗಳಿಗೆಯಲ್ಲಿ ನಾನು ಎದ್ದು ಬಂದುಬಿಡಬಹುದಿತ್ತು. ಆದರೆ ಬಂದ ಕೆಲಸ ಬೇರೆ ಇತ್ತು. ಅಕ್ಕಾರ, ಇದಕ್ಕೆ ಈ ಸಲವಾದರೂ ಹುಳಿ ತಾಗಿಸಬೇಡಿ ಎಂದೆ, ಮಾತಿನಲ್ಲಿ ಸ್ವಲ್ಪ ಖಾರವೂ ಇತ್ತು.

ಅವರು ನನ್ನನ್ನು ನೋಡಿದ ರೀತಿಯಲ್ಲಿ ಕಪಟವಿರಲಿಲ್ಲ, ಬರೀ ಆಶ್ಚರ್ಯವಿತ್ತು.

"ಕಲ್ಲಿಗಿ ಹುಳಿ ಏನ ಮಾಡತೈತ್ರಿ?"

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಒಂದರ ಹಿಂದೊಂದು ಎಲ್ಲ ಅರ್ಥವಾಯಿತು. ಅಣ್ಣ ಅವರಿಗೆ ಇದು ಕಲ್ಲು ಎಂದಿದ್ದಾನೆ. ಹುಳಿ ತಾಗಿಸಬೇಡಿ ಎಂದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ, ಅದಕ್ಕೇ ಆ ಒಂದು ಮಾತನ್ನು ನುಂಗಿದ್ದಾನೆ. ಊರಿನ ಪತ್ತಾರನ ತಪ್ಪೇನೂ ಇಲ್ಲ, ಕಲ್ಲು ಎಂದು ಕೊಟ್ಟದ್ದಕ್ಕೆ ಕಲ್ಲಿಗೆ ಮಾಡುವುದನ್ನು ಮಾಡಿದ್ದಾನೆ. ಒಂದು ಸುಳ್ಳು ಉಳಿಯಲಿ ಎಂದು ಆ ಮುಖ ಅಳಿಸಿಹೋಗಲು ಬಿಟ್ಟವನು ನನ್ನ ಅಣ್ಣ.

ಇದು ಮೆದು ಜಾತಿಯ ಕಲ್ಲು ಎಂದರೆ ಮುಗಿಯುತ್ತಿತ್ತು. ಆ ಮಾತು ನಾಲಗೆಯ ತುದಿಗೆ ಬಂದೂ ಇತ್ತು. ಅವರ ಕೈಯಲ್ಲಿ ಅವ್ವ ಇದ್ದಳು, ನನ್ನ ಕೆಲಸ ಇತ್ತು, ಅಣ್ಣನ ಮಾನ ಇತ್ತು. ಎಲ್ಲ ಉಳಿಯುತ್ತಿತ್ತು. ಆದರೆ ಆಕೆ ಅದನ್ನು ಕೊರಳಿಗೆ ಹಾಕಿಕೊಳ್ಳುವವರು, ಏನು ಹಾಕಿಕೊಳ್ಳುತ್ತಿದ್ದಾರೆ ಎಂದು ನನಗೆ ಗೊತ್ತಿದ್ದು ಅವರಿಗೆ ಗೊತ್ತಿಲ್ಲ.

"ಇದು ಕಲ್ಲಲ್ರಿ ಅಕ್ಕಾರ. ಸಮುದ್ರದ ಚಿಪ್ಪು."

ಅವರು ಅದನ್ನು ನಿಧಾನವಾಗಿ ಚಾಪೆಯ ಮೇಲಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡರು.

"ಇದರಾಗ ಜೀವ ಇತ್ತೇನ್ರಿ?"

"ಇತ್ತರಿ."

"ತಾನ ಸತ್ತಿತ್ತೋ, ಕೊಂದಿದ್ರೋ?"

ಗೊತ್ತಿಲ್ಲ ಎಂದೆ. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅವರು ಗೋಡೆಗೆ ಒರಗಿ ಕುಳಿತು, ಯಾರಿಗೋ ಹೇಳುವ ಹಾಗೆ ಹೇಳತೊಡಗಿದರು. ಅವ್ವ ಹೊತ್ತು ಮುಳುಗಿದ ಮೇಲೆ ಒಂದು ಅಗುಳು ಬಾಯಿಗೆ ಹಾಕಿದವಳಲ್ಲ. ಕೂಡುವ ಜಾಗವನ್ನು ಬಟ್ಟೆಯಿಂದ ಮೆಲ್ಲಗೆ ಸವರದೆ ಕೂತವಳಲ್ಲ. ಜೀವ ತೆಗೆದು ತರುತ್ತಾರೆಂದು ಮದುವೆಯಲ್ಲೂ ಮುತ್ತು ಹಾಕಿಕೊಂಡಿರಲಿಲ್ಲ, ಗುರುಗಳು ಮುತ್ತಿನ ಜಾಗದಲ್ಲಿ ಬಂಗಾರದ ಗುಂಡು ಕೂಡಿಸಿಕೊಟ್ಟಿದ್ದರು. ಆಮೇಲೆ ನನ್ನ ಕಡೆ ತಿರುಗಿದರು.

"ನಾ ಮೊದಲ ಕೇಳಿದ್ದೆ. ಇದು ಚಿಪ್ಪು ಗಿಪ್ಪು ಅಲ್ಲಲ್ರಿ ಅಂತ. ಕೊರಿಯಾಂವನ್ನ ಕೇಳಿ ಹೇಳತೀನಿ ಅಂದ್ರು ನಿಮ್ಮ ಅಣ್ಣಾರು. ಮುಂದ ಬಂದು, ನೀವು ಗುರುಗಳ ಹೆಸರಿನ ಮ್ಯಾಲ ಆಣಿ ಮಾಡಿ ಕಲ್ಲ ಅಂದೀರಿ ಅಂತ ಹೇಳಿದ್ರು. ಅದಕ್ಕ ನಂಬಿದೆ. ಹಾಕ್ಕೊಂಡು ದಿನಾ ಬಸ್ತಿಗಿ ಹೋಗೇನ್ರಿ."

ನಾನು ಅಂಥ ಆಣೆ ಮಾಡಿಲ್ಲ ಎಂದು ಹೇಳಿದೆ. ಅವರು ಬಂಗಾರವನ್ನಷ್ಟು ಬಿಡಿಸಿಕೊಟ್ಟು ಅದನ್ನು ಒಯ್ದುಬಿಡಿ ಎಂದರು. ಅವರ ಮನೆಯ ಅಡಕೊತ್ತಿನ ತುದಿಯಿಂದಲೇ ಕಟ್ಟನ್ನು ಬಿಚ್ಚಿ, ಬಂಗಾರವನ್ನು ಚಾಪೆಯ ಮೇಲಿಟ್ಟು, ಅವರ ತಾಯಿಯನ್ನು ನನ್ನ ಜೇಬಿನಲ್ಲಿ ಹಾಕಿಕೊಂಡು ಎದ್ದೆ. ಬಾಗಿಲ ತನಕ ಯಾರೂ ಬರಲಿಲ್ಲ.

ಅಣ್ಣ ನನಗಾಗಿ ಕಾದಿದ್ದ. ವೈನಿ ಎಲ್ಲಿ ಹೋಗಿದ್ದೇನೆಂದು ಹೇಳಿದ್ದರು. ನಾನು ಕೂಗಾಡಲು ಸಿದ್ಧನಾಗಿ ಹೋಗಿದ್ದೆ, ಅವನು ಆರಾಮಾಗಿ ಎಲೆಗೆ ಸುಣ್ಣ ಸವರುತ್ತ ಕುಳಿತಿದ್ದ. ಹೇಳಿಬಿಟ್ಟೆಯಾ ಎಂದು ಅವನೇ ಕೇಳಿದ. ಶಂಖವನ್ನು ನಾವು ದೇವರ ಜಗಲಿಯ ಮೇಲೆ ಇಡುವುದಿಲ್ಲವೇ, ಅದೇನು ಆಕಾಶದಿಂದ ಬಿದ್ದದ್ದೇ ಎಂದ. ನಮ್ಮ ಜಗಲಿಯ ಮಾತು ಬೇರೆ, ಅವರ ಕೊರಳಿನ ಮಾತು ಬೇರೆ ಎಂದೆ. ನನ್ನ ಬಾಯಲ್ಲಿ, ಅದೂ ಗುರುಗಳ ಹೆಸರಿನಲ್ಲಿ, ನಾನು ಆಡದ ಆಣೆಯನ್ನು ಯಾಕೆ ಇಟ್ಟೆ ಎಂದು ಕೇಳಿದೆ. ಆಗ ಎಲೆ ಮಡಚುವುದನ್ನು ನಿಲ್ಲಿಸಿದ.

"ಖರೇ ಹೇಳಿದ್ದರ ಅವರು ಕೆಲಸ ಕೊಡತಿದ್ದಿಲ್ಲ. ನೀ ಆ ಮುಖ ಕೊರೀತಿದ್ದಿಲ್ಲ. ಹೂವಾ ಮಾಡಕೋತ ಸಾಯತಿದ್ದಿ. ನಿನ್ನ ಸಲುವಾಗಿ ಹೇಳೀನಿ ನಾ ಸುಳ್ಳ. ಚಿಪ್ಪು ಯಾರಿಗಿ ತಂದಿದ್ದೆ, ನನಗೇನು?"

ಅದರಲ್ಲಿ ಸುಳ್ಳಿರಲಿಲ್ಲ. ನನ್ನನ್ನು ಮುರಿದದ್ದು ಅದೇ. ಲಾಭಕ್ಕೆ ಮಾಡಿದ್ದೇನೆ ಎಂದಿದ್ದರೆ ಉಗಿದು ಹೊರಡುತ್ತಿದ್ದೆ. ಅವನು ನನಗೆ ಬೇಕಾದ್ದನ್ನು ಕೊಟ್ಟಿದ್ದ, ಕೊಡಲು ನನ್ನ ಮಾತನ್ನೇ ಮಾರಿದ್ದ. ನನ್ನ ಬದುಕಿನ ಒಳ್ಳೆಯ ಕೆಲಸವನ್ನು ಇನ್ನು ಹೆಮ್ಮೆಯಿಂದ ನೋಡುವ ಹಾಗೂ ಇಲ್ಲ, ಮಾಡಲೇಬಾರದಿತ್ತು ಎನ್ನಲು ಮನಸ್ಸೂ ಬರುವುದಿಲ್ಲ. ಇಂಥ ಮೋಸವನ್ನು ಪ್ರೀತಿಯವರೇ ಮಾಡಬೇಕು.

ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅಂಗಡಿ ಬಿಟ್ಟು ಇಳಿದೆ. ವೈನಿ ಊಟಕ್ಕೆ ಕರೆದರು, ಅವರಿಗೆ ಏನು ಹೇಳಬೇಕೆಂದು ತಿಳಿಯದೆ ಸ್ನಾನವಾಗಿಲ್ಲ ಎಂದೆ.

ಕಾಗವಾಡದಲ್ಲಿ ಒಂದು ಸಣ್ಣ ಅಂಗಡಿಕಟ್ಟೆ ಹಿಡಿದು ಮತ್ತೆ ಅಚ್ಚು ಕೊರೆಯತೊಡಗಿದೆ. ಗಿರಾಕಿಯ ಜೊತೆ ಮಾತನ್ನೂ ನಾನೇ ಆಡಿದೆ, ಮಾತು ತಡವರಿಸಿದರೂ ಆಡಿದೆ. ಚಿಪ್ಪನ್ನು ಮುಟ್ಟಲಿಲ್ಲ. ತೊಂಬತ್ತರ ದಶಕ ಅರ್ಧ ಕಳೆದಿರಬೇಕು, ಒಂದು ಮಧ್ಯಾಹ್ನ ನಿಪ್ಪಾಣಿಯ ಆ ಹೆಣ್ಣುಮಗಳು ನನ್ನ ಕಟ್ಟೆಯ ಮುಂದೆ ಬಂದು ನಿಂತರು. ಕೂದಲು ಪೂರಾ ಬೆಳ್ಳಗಾಗಿತ್ತು. ಅವ್ವನ ಬಳೆಗಳನ್ನು ಮೊಮ್ಮಗಳ ಅಳತೆಗೆ ತಿದ್ದಬೇಕು, ಗುರುಗಳ ಕೆಲಸ, ಬೇರೆಯವರ ಕೈಗೆ ಕೊಡಲು ಮನಸ್ಸಿಲ್ಲ ಎಂದರು. ನನಗೆ ಎಷ್ಟು ಸಂತೋಷವಾಯಿತೆಂದರೆ, ಚಾಪೆಯನ್ನು ತಿರುವುಮುರುವಾಗಿ ಹಾಸಿದೆ. ಬಳೆಗಳನ್ನು ಕೈಗೆ ತೆಗೆದುಕೊಂಡ ಮೇಲೆ ಅವರ ಹಿಂದೆ ಒಬ್ಬ ಗಂಡಸು ನಿಂತಿರುವುದನ್ನು ನೋಡಿದೆ.

"ಇವರು ನಮ್ಮೂರ ಪತ್ತಾರ್ರು. ಕೆಲಸ ಮುಗಿಯೂ ತನಕ ಇಲ್ಲೇ ಕೂಡತಾರ. ಮನಸ್ಸಿಗಿ ಹಚ್ಕೋಬ್ಯಾಡ್ರಿ."

ಗುರುಗಳ ಕಾಲದಿಂದ ಆ ಮನೆಯವರು ನಮ್ಮ ಕೈಯಿಂದ ಬಂದ ಬಂಗಾರವನ್ನು ಒಮ್ಮೆಯೂ ಒರೆಗೆ ಹಚ್ಚಿ ನೋಡಿದವರಲ್ಲ. ಆ ಮನುಷ್ಯ ಪಾಪ ಸಂಕೋಚದಿಂದ ಎಲ್ಲಿ ಕೂಡಬೇಕೆಂದು ತಿಳಿಯದೆ ನಿಂತಿದ್ದ. ನಾನು ಪಕ್ಕಕ್ಕೆ ಸರಿದು ಅವನಿಗೆ ಜಾಗ ಮಾಡಿಕೊಟ್ಟು, ನನ್ನ ಒರೆಗಲ್ಲನ್ನು ಅವನ ಮುಂದೆ ಇಟ್ಟೆ.